ವೈರಸ್ ಕಣದೊಳಗೆ ಏನಿದೆ: ಒಂದು ಪ್ರಶ್ನೆಯ ಆರು ದಶಕಗಳು

ಮಳೆಗಾಲದಲ್ಲಿ ಮಂಗಳೂರಿನ ಲ್ಯಾಬ್‌ಗಳಿಂದ ಹೊರಬರುವ ಡೆಂಗ್ಯೂ ವರದಿಗಳಲ್ಲಿ ‘ಎನ್‌ಎಸ್1 ಪಾಸಿಟಿವ್’ ಎಂದು ಕಂಡವರು ರಕ್ತದಲ್ಲಿ ವೈರಸ್ಸಿನ ತುಣುಕೊಂದು ಸಿಕ್ಕಿತೆಂದು ಭಾವಿಸುವುದುಂಟು. ಆದರೆ ಎನ್‌ಎಸ್1 ವೈರಸ್ ಕಣದ ಭಾಗವೇ ಅಲ್ಲ. ಸೋಂಕು ತಗುಲಿದ ಜೀವಕೋಶದೊಳಗೆ ತಯಾರಾಗಿ ರಕ್ತಕ್ಕೆ ಸೇರುವ ಪ್ರೋಟೀನು. ಹಾಗಾದರೆ ಕಣದಲ್ಲಿ ಇರುವುದೇನು?

1892ರಲ್ಲಿ ರಷ್ಯಾದ ದಿಮಿತ್ರಿ ಇವಾನೊವ್‌ಸ್ಕಿ, ರೋಗ ತಗುಲಿದ ತಂಬಾಕಿನ ಎಲೆಯ ರಸವನ್ನು ಬ್ಯಾಕ್ಟೀರಿಯಾಗಳನ್ನು ತಡೆಯುವ ಪಿಂಗಾಣಿ ಸೋಸುಕದಲ್ಲಿ ಸೋಸಿದ ಮೇಲೂ ಅದು ಆರೋಗ್ಯವಂತ ಗಿಡಕ್ಕೆ ರೋಗ ತರುವುದನ್ನು ಕಂಡರು. 1898ರಲ್ಲಿ ಡಚ್ ವಿಜ್ಞಾನಿ ಬೈಜರಿಂಕ್ ಇದನ್ನು ಜೀವಂತ ದ್ರವವೆಂದೇ ಬಗೆದರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಹರಳುಗಟ್ಟಿಸಿ, ಅದು ಬರಿಯ ಪ್ರೋಟೀನು ಎಂದರು. ಮರುವರ್ಷವೇ ಬ್ರಿಟನ್ನಿನ ಬಾಡೆನ್ ಮತ್ತು ಪೀರಿ ಅದರಲ್ಲಿ ಅಲ್ಪ ಪ್ರಮಾಣದ ಆರ್‌ಎನ್‌ಎ (ವಂಶವಾಹಿ ಮಾಹಿತಿ ಹೊರುವ ಎಳೆಯಂಥ ಅಣು) ಇರುವುದನ್ನು ತೋರಿಸಿದರು. ನೊಬೆಲ್ ಬಂದದ್ದು ಸ್ಟ್ಯಾನ್ಲಿಯವರಿಗಾದರೂ, ಈ ವಿಷಯವನ್ನು ಸರಿದಾರಿಗೆ ತಂದದ್ದು ಈ ಎರಡನೆಯ ಶೋಧವೇ ಎಂದು ನನಗನ್ನಿಸುತ್ತದೆ. ಏಕೆಂದರೆ ಕಣದ ತೂಕದಲ್ಲಿ ಶೇ 5ರಷ್ಟೇ ಇರುವ ಆ ಆರ್‌ಎನ್‌ಎ ಒಂದೇ ಸೋಂಕು ಹಬ್ಬಿಸಬಲ್ಲದೆಂದು 1956ರಲ್ಲಿ ಸಿದ್ಧವಾಯಿತು.

ಉಳಿದದ್ದೆಲ್ಲ ಹೊದಿಕೆ. ತಂಬಾಕಿನ ಈ ವೈರಸ್ 300 ನ್ಯಾನೊಮೀಟರ್ ಉದ್ದದ ಟೊಳ್ಳು ಕೋಲು. ಒಂದೇ ಬಗೆಯ ಪ್ರೋಟೀನಿನ ಸುಮಾರು 2130 ಪ್ರತಿಗಳು ಸುರುಳಿ ಮೆಟ್ಟಿಲಿನಂತೆ ಜೋಡಣೆಯಾಗಿದ್ದು, ಆರ್‌ಎನ್‌ಎ ಎಳೆಯು ಅವುಗಳ ನಡುವೆ ಹುದುಗಿರುತ್ತದೆ. ಆ ಎಳೆ ಇರುವ ಜಾಗವನ್ನು ನಿಖರವಾಗಿ ಗುರುತಿಸಿದವರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮುಖ್ಯರು. ಒಂದೇ ಪ್ರೋಟೀನನ್ನು ಇಷ್ಟು ಸಲ ಬಳಸುವುದೇಕೆಂದರೆ, ಅಷ್ಟು ಚಿಕ್ಕ ಎಳೆಯಲ್ಲಿ ಬಗೆಬಗೆಯ ಪ್ರೋಟೀನುಗಳ ಮಾಹಿತಿಗೆ ಜಾಗವಿಲ್ಲ.

ಡೆಂಗ್ಯೂ ವೈರಸ್ಸಿನಲ್ಲೂ ಇದೇ ಮಿತವ್ಯಯ ಕಾಣುತ್ತದೆ. ಅದರ ಆರ್‌ಎನ್‌ಎ ಹತ್ತು ಪ್ರೋಟೀನುಗಳನ್ನು ಮಾಡಿಸಿದರೂ ಕಣ ಕಟ್ಟಲು ಬಳಕೆಯಾಗುವುದು ಮೂರು ಮಾತ್ರ. ಎನ್‌ಎಸ್1 ಉಳಿದ ಏಳರಲ್ಲಿ ಒಂದು. ಸುಮಾರು 50 ನ್ಯಾನೊಮೀಟರ್ ಅಗಲದ ಈ ಕಣಕ್ಕೆ ನಮ್ಮದೇ ಜೀವಕೋಶದ ಪೊರೆಯಿಂದ ಪಡೆದ ಕೊಬ್ಬಿನ ಪದರವೊಂದಿದ್ದು, ಅದರ ಮೇಲೆ ‘ಇ’ ಪ್ರೋಟೀನಿನ 180 ಪ್ರತಿಗಳು ಹಾಸಿಕೊಂಡಿರುತ್ತವೆ. ಬೆಳ್ತಂಗಡಿಯ ಕಾಡಂಚನ್ನು 1980ರ ದಶಕದಲ್ಲಿ ಕಾಡಿದ ಮಂಗನ ಕಾಯಿಲೆಯ ವೈರಸ್ಸೂ ಇದೇ ಕುಟುಂಬದ್ದು. 2018ರಲ್ಲಿ ಕೇರಳದ ರೋಗಿಗಳ ಮಾದರಿಗಳಲ್ಲಿ ಮಣಿಪಾಲದ ಪ್ರಯೋಗಾಲಯ ಪತ್ತೆಹಚ್ಚಿದ ನಿಪಾ ಬೇರೆ ಕುಟುಂಬದ್ದಾದರೂ ಅದಕ್ಕೂ ಕೊಬ್ಬಿನ ಪದರವಿದೆ.

ಸಾಬೂನು ಕರಗಿಸುವುದು ಈ ಪದರವನ್ನೇ; ಪದರ ಹೋದರೆ ಕಣ ಜೀವಕೋಶದೊಳಗೆ ಹೊಗಲಾರದು. ನೀರಿನ ಮೂಲಕ ಹರಡಿ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಮಲದಲ್ಲಿ ಹೊರಬೀಳುವಾಗ ಅದಕ್ಕೆ ಈ ಪದರವಿರುವುದಿಲ್ಲ; ಗಟ್ಟಿ ಪ್ರೋಟೀನು ಕವಚವಷ್ಟೇ ಇರುವುದರಿಂದ ಅದು ಬಾವಿಯ ನೀರಿನಲ್ಲಿ ವಾರಗಟ್ಟಲೆ ಉಳಿಯಬಲ್ಲದು, ಆದರೆ ನೀರನ್ನು ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ.