ಗಾಲಿ ಹೂತುಹೋಗುವಲ್ಲಿ ಜಾರುಬಂಡಿ

ತೋಟದ ಅಂದಕ್ಕೆಂದು ತರಿಸಿದ ಗುಂಡುಕಲ್ಲು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಭಾರವಾಗಿರುತ್ತದೆ. ಗ್ರಾನೈಟ್‌ನ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು, ಆದ್ದರಿಂದ 60 ಸೆಂಟಿಮೀಟರ್ ವ್ಯಾಸದ ಒಂದು ದುಂಡುಕಲ್ಲೇ ಸುಮಾರು 300 ಕಿಲೋಗ್ರಾಂ ತೂಗುತ್ತದೆ. ಅದನ್ನು ಕೈಗಾಡಿಗೆ ಹೇರಿ ಮೆತ್ತನೆಯ ಮಣ್ಣಿನ ಮೇಲೆ ತಳ್ಳಹೊರಟರೆ ಗಾಲಿ ಹೂತುಹೋಗುತ್ತದೆ. ಅಂಥ ನೆಲಕ್ಕೆ ಗಾಲಿಯಿಲ್ಲದೆ ನೆಲದ ಮೇಲೆ ಜಾರಿಸಿ ಎಳೆಯುವ, ಗಾಲಿಗಿಂತಲೂ ಹಳೆಯದಾದ ಜಾರುಬಂಡಿಯೇ ಸರಿಯಾದ ಸಾಧನ.

ಇದರ ಹಿಂದೆ ಇರುವುದು ಘರ್ಷಣೆಯ ಒಂದು ವಿಚಿತ್ರ ಗುಣ. ಜಾರುವ ವಸ್ತುವಿನ ಮೇಲಿನ ಘರ್ಷಣೆ ಅದರ ಭಾರವನ್ನು ಅವಲಂಬಿಸುತ್ತದೆಯೇ ಹೊರತು ತಳದ ವಿಸ್ತಾರವನ್ನಲ್ಲ ಎಂದು ಫ್ರಾನ್ಸಿನ ಗಿಯೋಮ್ ಅಮೊಂತೊ 1699ರಲ್ಲಿ ತಿಳಿಸಿದರು. ಮಣ್ಣು ಕುಸಿಯುವುದು ಮಾತ್ರ ಭಾರ ಎಷ್ಟು ಜಾಗದಲ್ಲಿ ಹರಡಿದೆ ಎಂಬುದರ ಮೇಲೆ. ಹಾಗಾಗಿ ತಳವನ್ನು ಅಗಲಿಸಿದರೆ ಘರ್ಷಣೆ ಹೆಚ್ಚುವುದಿಲ್ಲ, ಹೂಳುವುದು ಮಾತ್ರ ತಪ್ಪುತ್ತದೆ. ತಲಾ 10 ಸೆಂಟಿಮೀಟರ್ ಅಗಲದ, 1.2 ಮೀಟರ್ ಉದ್ದದ ಎರಡು ತೊಲೆಗಳ ಮೇಲೆ ಈ ಕಲ್ಲನ್ನಿಟ್ಟರೆ, ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಸುಮಾರು 125 ಗ್ರಾಂ. ಎರಡು ಕಾಲಿನ ಮೇಲೆ ಸುಮ್ಮನೆ ನಿಂತ ಮನುಷ್ಯನ ಪಾದವೇ ಇದಕ್ಕಿಂತ ಹೆಚ್ಚು ಒತ್ತುತ್ತದೆ!

ಬಂಡಿಯ ರಚನೆ ಸರಳ. ಎರಡು ಗಟ್ಟಿ ತೊಲೆಗಳು, ಅವುಗಳ ಮೇಲೆ ಅಡ್ಡಹಲಗೆಗಳು. ತೊಲೆಗಳ ಮುಂತುದಿಯನ್ನು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಕೊಯ್ಯುವುದನ್ನು ಮರೆಯಬಾರದು. ಚೌಕ ತುದಿಯು ನೇಗಿಲಿನಂತೆ ಮಣ್ಣನ್ನು ಬಗೆಯುತ್ತದೆ. ಕಲ್ಲನ್ನು ನಡುಮಧ್ಯಕ್ಕಿಂತ ತುಸು ಹಿಂದೆ ಕೂರಿಸಿದರೆ ಮೂತಿ ಹಗುರಾಗಿ ಉಳಿಯುತ್ತದೆ. ಬಂಡಿ ನೆಲಕ್ಕೆ ಹತ್ತಿರವಿರುವುದರಿಂದ ಕಲ್ಲನ್ನು ಪೂರ್ತಿ ಎತ್ತಬೇಕಿಲ್ಲ. ಒಂದೂವರೆ ಮೀಟರ್ ಉದ್ದದ ಹಾರೆಯ ತುದಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಒತ್ತುಕಲ್ಲು ಕೊಟ್ಟು ಮೀಟಿದರೆ ಕೈಬಲ 14 ಪಟ್ಟಾಗುತ್ತದೆ, ಕಲ್ಲಿನ ಒಂದು ಮಗ್ಗುಲು ಮೇಲೇಳುತ್ತದೆ.

ಎಳೆಯುವುದರಲ್ಲಿಯೇ ಹೆಚ್ಚಿನ ಸ್ವಾರಸ್ಯವಿದೆ. ಮಣ್ಣಿನ ಮೇಲೆ ಮರ ಜಾರುವಾಗ ಘರ್ಷಣೆ ಭಾರದ ಅರ್ಧದಷ್ಟಿದೆಯೆಂದು ಇಟ್ಟುಕೊಳ್ಳೋಣ. ಬಂಡಿಯೂ ಸೇರಿ 330 ಕಿಲೋ ಆದರೆ 165 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಆದರೆ ಎಳೆಯುವವರ ಪಾದವೂ ಅದೇ ಘರ್ಷಣೆಯನ್ನೇ ನೆಚ್ಚಿಕೊಂಡಿದೆ. ಪಾದಕ್ಕೂ ಬಂಡಿಗೂ ಒಂದೇ ಪ್ರಮಾಣದ ಹಿಡಿತವಿದ್ದರೆ ಎಳೆಯುವವರೆಲ್ಲರ ಒಟ್ಟು ತೂಕ ಬಂಡಿಯ ತೂಕಕ್ಕೆ ಸಮನಾಗಿರಬೇಕಾಗುತ್ತದೆ. ಆದ್ದರಿಂದ ಬಂಡಿಯ ಹಾದಿಗೆ ಹಲಗೆ ಹಾಸಿ ನೀರು ಚಿಮುಕಿಸುವುದು, ಎಳೆಯುವವರು ಹಲಗೆಯಿಂದ ಹೊರಗೆ ಒರಟು ನೆಲದಲ್ಲಿ ಕಾಲೂರುವುದು ತೋಳ್ಬಲಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. ಹಗ್ಗವನ್ನು ಸ್ವಲ್ಪ ಮೇಲ್ಮುಖವಾಗಿ ಎಳೆದರೆ ಭಾರದ ಒಂದಂಶ ನೆಲದಿಂದ ಎತ್ತಿದಂತಾಗುತ್ತದೆ. ಮೇಲಿನ ಲೆಕ್ಕಕ್ಕೆ ಸುಮಾರು 27 ಡಿಗ್ರಿ ಕೋನ ಅತ್ಯುತ್ತಮ, ಅದರಿಂದ ಬೇಕಾದ ಬಲ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ನಿಂತ ಬಂಡಿಯನ್ನು ಕದಲಿಸಲು ಚಲಿಸುವ ಬಂಡಿಗಿಂತ ಹೆಚ್ಚು ಬಲ ಬೇಕಾದ್ದರಿಂದ, ಮೊದಲು ಹಾರೆಯಿಂದ ಪಕ್ಕಕ್ಕೆ ಅಲುಗಿಸಿ, ಕದಲಿದ ಮೇಲೆ ನಿಲ್ಲಿಸದೆ ಎಳೆಯಬೇಕು.

ಸುಮಾರು 3,900 ವರ್ಷಗಳ ಹಿಂದೆ ಈಜಿಪ್ಟಿನ ಜೆಹುತಿಹೋಟೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಬರೆದ ಚಿತ್ರದಲ್ಲಿ 172 ಜನ ಜಾರುಬಂಡಿಯ ಮೇಲಿನ ಬೃಹತ್ ವಿಗ್ರಹವನ್ನು ಎಳೆಯುತ್ತಿದ್ದಾರೆ, ಒಬ್ಬ ಬಂಡಿಯ ಮುಂದೆ ನೀರು ಸುರಿಯುತ್ತಿದ್ದಾನೆ. ಒಣಮರಳು ಬಂಡಿಯ ಮುಂದೆ ಗುಡ್ಡೆಗಟ್ಟುತ್ತದೆ, ಹದವಾಗಿ ನೆನೆದ ಮರಳಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ನೆಲ ಬಿಗಿಯಾಗುತ್ತದೆ, ಬೇಕಾದ ಬಲ ಅರ್ಧಕ್ಕೆ ಇಳಿಯಬಲ್ಲದು ಎಂದು ಆಮ್‌ಸ್ಟರ್‌ಡಾಂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಯೋಗದಿಂದ ತೋರಿಸಿದರು. ನೀರು ಅತಿಯಾದರೆ ಈ ಲಾಭ ಕಳೆದುಹೋಗುತ್ತದೆ. ಜೇಡಿಮಣ್ಣಿನ ತೋಟದಲ್ಲಿ ಮಾತ್ರ ನೆಲಕ್ಕೆ ನೀರು ಸುರಿಯಲೇಬಾರದು. ಕೆಸರು ಬಂಡಿಯ ತಳವನ್ನು ಕಚ್ಚಿ ಹಿಡಿಯುತ್ತದೆ.

ಏರಿನಲ್ಲಿ ಹತ್ತು ಮೀಟರಿಗೆ ಒಂದು ಮೀಟರ್ ಎತ್ತರ ಹೆಚ್ಚಿದರೂ 330 ಕಿಲೋ ಬಂಡಿಗೆ 33 ಕಿಲೋದಷ್ಟು ಹೆಚ್ಚುವರಿ ಬಲ ಬೇಕು. ಇಳಿಜಾರಿನಲ್ಲಿ ಅದೇ ಬಲ ಬಂಡಿಯನ್ನು ಕೆಳಕ್ಕೆ ತಳ್ಳುತ್ತದೆ. ಹಸಿ ಹಲಗೆಯ ಮೇಲಂತೂ ಬಂಡಿ ತಾನಾಗಿಯೇ ಜಾರಬಹುದು. ಅಲ್ಲಿ ಹಲಗೆ ತೆಗೆದು, ಹಗ್ಗವನ್ನು ಬಂಡಿಯ ಹಿಂದಕ್ಕೆ ಕಟ್ಟಿ, ಮೇಲಿನಿಂದ ತಡೆಹಿಡಿಯುತ್ತ ಇಳಿಸಬೇಕು. ಬಂಡಿಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.