ಗಾಜು ಅದೇ, ಬೆಳಕು ಬೇರೆ

"ಸಾಹೇಬ್ರ, ಕೇಬಲ್ ಹಳೇದಾಗ್ಯಾದ್ರಿ. ಅದನ್ನ ಕಿತ್ತು ಹೊಸಾದು ಹಾಕಸ್ರಿ, ಸ್ಪೀಡ್ ತಾನೇ ಬರ್ತದ." ಕಲಬುರಗಿ ಸುತ್ತಮುತ್ತ ಫೈಬರ್ ಕೆಲಸ ಮಾಡುವ ನನಗೆ ಈ ಮಾತು ಆಳಂದದಲ್ಲೂ ಕೇಳಿಸುತ್ತದೆ, ಜೇವರ್ಗಿಯಲ್ಲೂ ಕೇಳಿಸುತ್ತದೆ. ತಾಮ್ರದ ತಂತಿಯ ಕಾಲದಲ್ಲಿ ಹಾಗೆ ಹೇಳುವುದರಲ್ಲಿ ಅರ್ಥವಿತ್ತು. ತಂತಿಗೆ ಕಿಲುಬು ಹಿಡಿಯುತ್ತಿತ್ತು, ಮಳೆ ಬಿದ್ದರೆ ಫೋನಿನಲ್ಲಿ ಕರಕರ ಸದ್ದು. ಫೈಬರಿನ ಗಾಜಿನ ಎಳೆಗೆ ಆ ಲೆಕ್ಕ ಹಚ್ಚಿದರೆ ದುಡ್ಡು ಮಣ್ಣುಪಾಲು. ಇಪ್ಪತ್ತು ವರ್ಷದ ಹಿಂದೆ ಸೆಕೆಂಡಿಗೆ 2.5 ಗಿಗಾಬಿಟ್ ಒಯ್ಯುತ್ತಿದ್ದಂಥ ಎಳೆಯಲ್ಲೇ ಇವತ್ತು ಬೆಳಕಿನ ಬಣ್ಣವೊಂದಕ್ಕೆ 100 ಇಲ್ಲವೇ 200 ಗಿಗಾಬಿಟ್‌ನಂತೆ ಹತ್ತಾರು ಬಣ್ಣ ಓಡಿಸಬಹುದು. ನೆಲದೊಳಗಿನದು ಹಾಗೇ ಇರುತ್ತದೆ, ಎರಡು ತುದಿಯಲ್ಲಿ ಬೆಳಕು ಕಳಿಸುವ, ಹಿಡಿಯುವ ಕಾರ್ಡುಗಳು ಬದಲಾಗುತ್ತವೆ, ಅಷ್ಟೇ.

ಗಾಜಿನ ಮಟ್ಟಿಗೆ ದೊಡ್ಡ ಕೆಲಸವೆಲ್ಲ 1979ರ ಹೊತ್ತಿಗೇ ಮುಗಿದಿತ್ತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋದ ಪ್ರಯೋಗಾಲಯದಲ್ಲಿದ್ದ ಚಾರ್ಲ್ಸ್ ಕಾವ್, ಸಹೋದ್ಯೋಗಿ ಜಾರ್ಜ್ ಹಾಕ್‌ಹ್ಯಾಮ್ ಜೊತೆ ಸೇರಿ ಒಂದು ಪ್ರಬಂಧ ಬರೆದರು. ಬೆಳಕು ಎಷ್ಟು ಕುಂದಿತೆಂದು ಅಳೆಯುವ ಮಾನ ಡೆಸಿಬೆಲ್. ಆಗಿನ ಗಾಜಿನಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 1000 ಡೆಸಿಬೆಲ್. ಅಂದರೆ ಬೆಳಕು 20 ಮೀಟರ್ ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಉಳಿಯುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗೆ ಸೇರಿಕೊಂಡ ಕಬ್ಬಿಣದಂಥ ಕಶ್ಮಲಗಳದು, ಅವನ್ನು ತೆಗೆದರೆ ಕಿಲೋಮೀಟರಿಗೆ 20 ಡೆಸಿಬೆಲ್‌ಗೆ, ಅಂದರೆ ಇಡೀ ಕಿಲೋಮೀಟರ್ ದಾಟಿದ ಮೇಲೂ ನೂರರಲ್ಲಿ ಒಂದು ಪಾಲು ಉಳಿಯುವಷ್ಟಕ್ಕೆ, ಇಳಿಸಬಹುದು ಎಂದು ಕಾವ್ ವಾದಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮಾರರ್, ಕೆಕ್, ಶುಲ್ಟ್ಸ್ 17 ಡೆಸಿಬೆಲ್‌ನ ಎಳೆ ಎಳೆದು ತೋರಿಸಿದರು. 1979ರಲ್ಲಿ ಜಪಾನಿನ ಟೆಲಿಫೋನ್ ಕಂಪನಿ ಎನ್‌ಟಿಟಿಯವರು 0.2ಕ್ಕೆ ಮುಟ್ಟಿಸಿದರು. ಕಾವ್ ಅವರಿಗೆ ನೊಬೆಲ್ ಬರಲು ಮಾತ್ರ 2009ರ ತನಕ ಕಾಯಬೇಕಾಯಿತು.

0.2 ಎಂದರೆ ಎಷ್ಟೆಂದು ನಮ್ಮ ಕಡೆಯ ದೂರದಲ್ಲೇ ನೋಡೋಣ. ಬೀದರ್-ಕಲಬುರಗಿ ರೈಲು ಮಾರ್ಗ ಸುಮಾರು 110 ಕಿ.ಮೀ. ಅಷ್ಟುದ್ದದ ಎಳೆಯಲ್ಲಿ ಬರೀ ಗಾಜಿನ ನಷ್ಟ 22 ಡೆಸಿಬೆಲ್. ಕಾವ್ ಒಂದು ಕಿಲೋಮೀಟರಿಗೆ ಕೇಳಿದ್ದ ಬೆಳಕು ಇವತ್ತು ಹೆಚ್ಚುಕಡಿಮೆ ಬೀದರಿನಿಂದ ಕಲಬುರಗಿಗೇ ಬಂದು ಮುಟ್ಟುತ್ತದೆ. ಅಲ್ಲಿಂದಾಚೆ ಗಾಜು ಹೆಚ್ಚು ಸುಧಾರಿಸಿಲ್ಲ, ಸುಧಾರಿಸುವುದು ಕಷ್ಟವೂ ಹೌದು. ಕರಗಿದ ಗಾಜು ಗಟ್ಟಿಯಾಗುವಾಗ ಒಳಗೆ ಅತಿ ಸಣ್ಣ ಏರುಪೇರುಗಳು ಉಳಿದೇ ಉಳಿಯುತ್ತವೆ, ಬೆಳಕು ಅವುಗಳಿಗೆ ತಾಗಿ ಚದುರುತ್ತದೆ. ತರಂಗಾಂತರ ಹೆಚ್ಚಿದಂತೆ ಚದುರುವುದು ಕಡಿಮೆ. ಆದರೆ 1600 ನ್ಯಾನೊಮೀಟರ್ ದಾಟಿದರೆ ಗಾಜೇ ಬೆಳಕನ್ನು ಹೀರತೊಡಗುತ್ತದೆ. ಈ ಎರಡರ ನಡುವೆ 1550 ನ್ಯಾನೊಮೀಟರ್ ಸುಮಾರಿಗೆ ನಷ್ಟ ಎಲ್ಲಕ್ಕಿಂತ ಕಡಿಮೆ. ದೂರದ ಮಾರ್ಗಗಳೆಲ್ಲ ಅಲ್ಲೇ ನಡೆಯುವುದು.

ಮುಂದಿನದೆಲ್ಲ ತುದಿಗಳ ಕತೆ. ಮೊದಲು ಕೆಲವು ಹತ್ತು ಕಿಲೋಮೀಟರಿಗೊಮ್ಮೆ ಬೆಳಕನ್ನು ವಿದ್ಯುತ್ತಾಗಿಸಿ, ತಿದ್ದಿ, ಮತ್ತೆ ಬೆಳಕಾಗಿಸುವ ರಿಪೀಟರ್ ಬೇಕಿತ್ತು. 1987ರ ಸುಮಾರಿಗೆ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ, ಅತ್ತ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಮ್ಯಾನ್ಯುಯೆಲ್ ಡೆಸುರ್ವಿರ್ ಮತ್ತು ಸಂಗಡಿಗರು ಎರ್ಬಿಯಂ ಎಂಬ ಲೋಹ ಬೆರೆಸಿದ ಎಳೆಯಲ್ಲೇ ಬೆಳಕನ್ನು ನೇರವಾಗಿ ಬಲಪಡಿಸಿದರು. ಎರ್ಬಿಯಂ ಬಲಪಡಿಸುವುದು ಸರಿಯಾಗಿ 1530ರಿಂದ 1565 ನ್ಯಾನೊಮೀಟರ್ ನಡುವಿನ ಬೆಳಕನ್ನು. ಗಾಜಿನ ನಷ್ಟ ಅತಿ ಕಡಿಮೆ ಇರುವುದೂ ಅಲ್ಲೇ. ಇಂಥ ಯೋಗಾಯೋಗ ವಿಜ್ಞಾನದಲ್ಲಿ ಅಪರೂಪ. ಒಂದೇ ಆಂಪ್ಲಿಫೈಯರ್ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಎತ್ತಿಕೊಡುವುದರಿಂದ, ಒಂದೇ ಎಳೆಯಲ್ಲಿ ಹತ್ತಾರು ಬಣ್ಣ ಕಳಿಸುವುದು ಲಾಭದ ಕೆಲಸವಾಯಿತು. ಬಣ್ಣ ಎನ್ನುವುದು ನಮ್ಮ ಬಾಯಿರೂಢಿ. ಇವೆಲ್ಲ ಕಣ್ಣಿಗೆ ಕಾಣದ ಅವಕೆಂಪು. ಕಾಣದು ಎಂದು ಎಳೆಯ ತುದಿಗೆ ಕಣ್ಣು ಹಚ್ಚಿ ನೋಡುವವರಿದ್ದಾರೆ. ಖಂಡಿತ ಬೇಡ.

ಆಮೇಲೆ ಬಂದದ್ದು ಕೊಹೆರೆಂಟ್ ತಂತ್ರ, 2008ರಿಂದೀಚೆಗೆ ಮಾರುಕಟ್ಟೆಗೆ ಇಳಿದದ್ದು. ಹಳೆಯ ಲೇಸರ್ ಬರೀ ಹೊತ್ತಿ ಆರುತ್ತಿತ್ತು. ಈಗ ಅಲೆಯ ಹಂತ, ಎತ್ತರ, ಅದು ಅಲುಗಾಡುವ ಎರಡು ದಿಕ್ಕು, ಎಲ್ಲದರಲ್ಲೂ ಮಾಹಿತಿ ತುಂಬುತ್ತಾರೆ. ಇನ್ನೊಂದು ಉಪಕಾರವೂ ಆಯಿತು. 1550 ನ್ಯಾನೊಮೀಟರಿನಲ್ಲಿ ಬೆಳಕಿನ ಮಿಡಿತಗಳು ದೂರ ಹೋದಂತೆ ಹರಡಿ ಒಂದರ ಮೇಲೊಂದು ಬೀಳುತ್ತವೆ. ಹಿಂದೆ ಬೀದರ್-ಕಲಬುರಗಿಯಷ್ಟು ದೂರಕ್ಕೆ 10 ಗಿಗಾಬಿಟ್ ಕಳಿಸಬೇಕಾದರೆ, ಅದನ್ನು ಸರಿಪಡಿಸಲು ಕಿಲೋಮೀಟರ್‌ಗಟ್ಟಲೆ ಬೇರೆ ಜಾತಿಯ ಎಳೆ ಸುತ್ತಿಟ್ಟ ಪೆಟ್ಟಿಗೆಯನ್ನು ರ್‍ಯಾಕ್‌ನಲ್ಲಿ ಕೂರಿಸಬೇಕಿತ್ತು. ಈಗ ಆ ಲೆಕ್ಕವನ್ನು ರಿಸೀವರಿನ ಚಿಪ್ಪೇ ಮಾಡುತ್ತದೆ.

ಹಾಗಾದರೆ ಸ್ಪೀಡ್ ಯಾಕೆ ಬರವಲ್ದು? ನಮ್ಮ ಭಾಗದಲ್ಲಿ ಉತ್ತರ ಹೆಚ್ಚಾಗಿ ಜಾಯಿಂಟಿನಲ್ಲಿರುತ್ತದೆ. ಎರೆ ಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಜೊತೆ ಪೈಪೂ ಸರಿಯುತ್ತದೆ, ಜಾಯಿಂಟ್ ಡಬ್ಬಿಯ ಮೇಲೆ ಎಳೆತ ಬೀಳುತ್ತದೆ. ಶಹಾಬಾದ್, ಚಿತ್ತಾಪುರದ ಕಡೆ ಒಂದೆರಡು ಅಡಿಗೇ ಫರಸಿ ಕಲ್ಲು ತಗಲುತ್ತದೆ. 165 ಸೆಂ.ಮೀ. ಆಳ ಎಂಬ ನಿಯಮ ಕಾಗದದಲ್ಲೇ ಉಳಿದರೆ, ಮುಂದೆ ನೀರಿನ ಪೈಪಿಗೆ ಬಂದ ಜೆಸಿಬಿಗೆ ಕೇಬಲ್ ಸುಲಭವಾಗಿ ಸಿಗುತ್ತದೆ. ಹೀಗೆ ಕಡಿದಲ್ಲೆಲ್ಲ ಹೊಸ ತುಂಡು ಸೇರಿಸಬೇಕು, ತುಂಡು ಒಂದಕ್ಕೆ ಎರಡು ಜಾಯಿಂಟ್.

ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ರಸ್ತೆಯ ಬದಿ ಜಾಯಿಂಟ್ ಹಾಕುವುದನ್ನು ಒಮ್ಮೆ ನೋಡಬೇಕು. ವ್ಯಾನಿನ ಬಾಗಿಲು ಹಾಕಿಕೊಂಡು, ಫ್ಯಾನ್ ಬಂದ್ ಮಾಡಿ ಕೂರಬೇಕು, ಗಾಳಿ ಬಂದರೆ ಧೂಳು ಬರುತ್ತದೆ. ಹೊದಿಕೆ ಸುಲಿದು, ಸ್ಪಿರಿಟ್ ಹಚ್ಚಿ ಒರೆಸಿ, ಕ್ಲೀವರಿನಲ್ಲಿ ನೇರವಾಗಿ ಕತ್ತರಿಸಿ ಬೆಸೆಯುವ ಮಷಿನ್ನಿನಲ್ಲಿ ಇಟ್ಟರೆ, 125 ಮೈಕ್ರಾನ್ ದಪ್ಪದ ಎರಡು ಎಳೆ ಪರದೆಯ ಮೇಲೆ ಎದುರುಬದುರು ಕಾಣುತ್ತವೆ. ಬೆಳಕು ಹೋಗುವ ನಡುಭಾಗ ಬರೀ 9 ಮೈಕ್ರಾನ್. ಕಿಡಿ ಹಾರಿ ಎರಡೂ ಬೆಸೆದು ನಷ್ಟ 0.02 ಡೆಸಿಬೆಲ್ ಎಂದು ಬರುತ್ತದೆ. ಇಲ್ಲಿಯವರೆಗೆ ಬಹಳ ಮಂದಿ ಸರಿಯಾಗೇ ಮಾಡುತ್ತಾರೆ. ಕೆಡುವುದು ಆಮೇಲೆ, ಉಳಿದ ಎಳೆಯನ್ನು ಟ್ರೇನಲ್ಲಿ ಸುತ್ತಿಡುವಾಗ. ಅವಸರದಲ್ಲಿ ಸುರುಳಿ ಬಿಗಿಯಾದರೆ ಬೆಳಕು ಆ ತಿರುವಿನಲ್ಲಿ ಹೊರಗೆ ಸೋರುತ್ತದೆ.

ಆ ಸೋರಿಕೆ ಎಲ್ಲ ಬೆಳಕಿಗೂ ಒಂದೇ ಸಮ ಇರುವುದಿಲ್ಲ. ತರಂಗಾಂತರ ಉದ್ದವಾದಷ್ಟೂ ಹೆಚ್ಚು. ಎಳೆಯೊಳಗೆ ಬೆಳಕು ಬಿಟ್ಟು ಎಲ್ಲಿ ಎಷ್ಟು ನಷ್ಟವೆಂದು ಗೆರೆ ಎಳೆದು ತೋರಿಸುವ ಯಂತ್ರ ಓಟಿಡಿಆರ್. 1310 ನ್ಯಾನೊಮೀಟರಿನಲ್ಲಿ ಅದನ್ನು ಹಚ್ಚಿದರೆ ಗೆರೆ ನೆಟ್ಟಗೆ ಕಾಣುತ್ತದೆ, ಅದೇ ಜಾಗದಲ್ಲಿ 1550ರಲ್ಲಿ ಮೆಟ್ಟಿಲು ಇಳಿದಿರುತ್ತದೆ. "1310ಕ್ಕ ಛಲೋ ಅದ ಅಲ್ರಿ, ಸಾಕ್ ಬಿಡ್ರಿ" ಎನ್ನುವ ಹುಡುಗರ ಜೊತೆ ನನ್ನ ಜಗಳ ಇದೊಂದೇ ವಿಷಯಕ್ಕೆ. ಹಳೆಯ ಬೆಳಕಿಗೆ ನಡೆದುಹೋದ ಜಾಯಿಂಟ್ ಹೊಸ ಬೆಳಕಿಗೆ ನಡೆಯುವುದಿಲ್ಲ. ಮನೆಯ ಸಂಪರ್ಕದಲ್ಲೂ ಇದೇ ಪಾಡು. ಮನೆಮನೆಗೆ ಫೈಬರ್ ಕೊಡುವ ಈಗಿನ ಪದ್ಧತಿಯಾದ ಜಿಪಾನ್‌ನಲ್ಲಿ ಮನೆಗೆ ಬರುವ ಬೆಳಕು 1490 ನ್ಯಾನೊಮೀಟರ್. ಅದರ ಮುಂದಿನ ಪೀಳಿಗೆ, 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್ ಬಂದರೆ ಅದು 1577. ಬೀರುವಿನ ಹಿಂದೆ ಮಡಚಿ ಸಿಕ್ಕಿಸಿದ ವೈರ್ ಇವತ್ತು ಸುಮ್ಮನಿರುತ್ತದೆ, ಅವತ್ತು ತಕರಾರು ತೆಗೆಯುತ್ತದೆ.

2025ರಲ್ಲಿ ಸೌತಾಂಪ್ಟನ್ ಮತ್ತು ಮೈಕ್ರೋಸಾಫ್ಟ್‌ನವರು ನಡುವೆ ಗಾಜಿಲ್ಲದೆ ಬರೀ ಗಾಳಿಯಿರುವ ಟೊಳ್ಳು ಎಳೆಯಲ್ಲಿ ನಷ್ಟವನ್ನು ಕಿಲೋಮೀಟರಿಗೆ 0.1 ಡೆಸಿಬೆಲ್‌ಗಿಂತ ಕೆಳಗೆ ಇಳಿಸಿದ್ದಾರೆ. ಅದು ನಮ್ಮ ಎರೆ ಮಣ್ಣಿಗೆ ಇಳಿಯುವುದು ಬೇಗ ಆಗುವ ಮಾತಲ್ಲ. ಅಲ್ಲಿಯತನಕ ಪಂಚಾಯಿತಿಯಾಗಲಿ, ಕಾಲೇಜಾಗಲಿ, ಕೇಬಲ್ ಕೆಲಸ ಮುಗಿಸಿಕೊಳ್ಳುವಾಗ ಗುತ್ತಿಗೆದಾರರನ್ನು ಒಂದು ಕಾಗದ ಕೇಳಲಿ: 1310, 1550 ಎರಡರಲ್ಲೂ, ಎರಡೂ ತುದಿಯಿಂದ ತೆಗೆದ ಓಟಿಡಿಆರ್ ವರದಿ. ಅದು ಕೈಗೆ ಬಂದ ಮೇಲೆ ಬಿಲ್ಲಿಗೆ ಸಹಿ.