ಪರಮಾಣು ಕುಸಿಯದಿರುವುದು ಏಕೆ?

ಪರಮಾಣುವಿನ ನಡುವೆ ಅತಿ ಪುಟ್ಟದಾದ, ಆದರೆ ಬಹುಪಾಲು ದ್ರವ್ಯರಾಶಿಯನ್ನು ತುಂಬಿಕೊಂಡ ನ್ಯೂಕ್ಲಿಯಸ್ ಇದೆಯೆಂದು 1911ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ತೋರಿಸಿಕೊಟ್ಟಾಗ ಒಂದು ಸಮಸ್ಯೆ ಬಗೆಹರಿದು, ಅದಕ್ಕಿಂತ ದೊಡ್ಡದೊಂದು ಹುಟ್ಟಿಕೊಂಡಿತು. ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನ್ ಸುತ್ತುತ್ತಿದ್ದರೆ ಅದರ ಚಲನೆಯ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರಬೇಕು, ಅಂದರೆ ಅದಕ್ಕೆ ವೇಗೋತ್ಕರ್ಷ ಇರಬೇಕು. ವೇಗೋತ್ಕರ್ಷವುಳ್ಳ ವಿದ್ಯುದಾವೇಶವು ವಿದ್ಯುತ್ಕಾಂತೀಯ ಅಲೆಗಳ ರೂಪದಲ್ಲಿ ಶಕ್ತಿಯನ್ನು ಹೊರಸೂಸುತ್ತದೆ ಎಂಬುದು ಮ್ಯಾಕ್ಸ್‌ವೆಲ್ ಸಿದ್ಧಾಂತದಿಂದ ನೇರವಾಗಿ ಬರುವ ಫಲಿತಾಂಶ. ರೇಡಿಯೊ ಪ್ರಸಾರದ ಗೋಪುರಗಳು ಕೆಲಸ ಮಾಡುವುದೂ ಇದರಿಂದಲೇ. ಹೈಡ್ರೋಜನ್ ಪರಮಾಣುವಿಗೆ ಈ ಲೆಕ್ಕವನ್ನು ಹಾಕಿದರೆ, ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದಾಗ ಅದರಲ್ಲಿ ಸುಮಾರು 16 ಪಾಲಿನಷ್ಟು ಕಾಲದಲ್ಲಿ ಎಲೆಕ್ಟ್ರಾನ್ ಸುರುಳಿ ಸುತ್ತುತ್ತಾ ನ್ಯೂಕ್ಲಿಯಸ್ಸಿಗೆ ಬಿದ್ದುಹೋಗಬೇಕು. ಅಭಿಜಾತ ಭೌತವಿಜ್ಞಾನದ ಪ್ರಕಾರ ನಾವು ಕುಳಿತ ಕುರ್ಚಿಯೂ ಕುಡಿಯುವ ನೀರೂ ಇರಲು ಸಾಧ್ಯವಿಲ್ಲ.

ಗ್ರಹಗಳು ಸೂರ್ಯನಿಗೆ ಬೀಳದೆ ಸುತ್ತುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಭೂಮಿಯೂ ಗುರುತ್ವದ ಅಲೆಗಳ ಮೂಲಕ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಆದರೆ ಆ ನಷ್ಟ ಕೇವಲ 200 ವ್ಯಾಟ್‌ನ ಆಸುಪಾಸಿನದು. ಆದ್ದರಿಂದ ಸೌರವ್ಯೂಹ ಉಳಿದುಕೊಂಡಿರುವುದಕ್ಕೂ ಪರಮಾಣು ಉಳಿದುಕೊಂಡಿರುವುದಕ್ಕೂ ಕಾರಣ ಒಂದೇ ಅಲ್ಲ.

1913ರಲ್ಲಿ ನೀಲ್ಸ್ ಬೋರ್ ಕೆಲವು ಕಕ್ಷೆಗಳಿಗೆ ಮಾತ್ರ ಅನುಮತಿಯಿದೆ, ಅವುಗಳಲ್ಲಿರುವಾಗ ಎಲೆಕ್ಟ್ರಾನ್ ಶಕ್ತಿಯನ್ನು ಸೂಸುವುದಿಲ್ಲ ಎಂದು ಇಟ್ಟುಕೊಂಡು, ಹೈಡ್ರೋಜನ್ ರೋಹಿತದ (ಅದು ಸೂಸುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪಟ್ಟಿಯ) ರೇಖೆಗಳನ್ನು ಬೆರಗಾಗುವಷ್ಟು ನಿಖರವಾಗಿ ಲೆಕ್ಕ ಹಾಕಿ ತೋರಿಸಿದರು. ಆದರೆ ಅವರು ಕುಸಿತವನ್ನು ನಿಷೇಧಿಸಿದರೇ ಹೊರತು, ಅದು ಏಕೆ ಆಗುವುದಿಲ್ಲವೆಂದು ವಿವರಿಸಲಿಲ್ಲ. ಪಿಯುಸಿಯಲ್ಲಿ ಬೋರ್ ಮಾದರಿಯನ್ನು ಕಲಿಸುವುದು ಸರಿಯೇ. ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ಹೈಡ್ರೋಜನ್ ಎಲೆಕ್ಟ್ರಾನಿನ ಕಕ್ಷೀಯ ಕೋನೀಯ ಸಂವೇಗ ಸೊನ್ನೆ ಎಂದು ಇಂದು ನಮಗೆ ಗೊತ್ತಿದೆ, ಅಂದರೆ ಅದು ಗ್ರಹದಂತೆ ಸುತ್ತುತ್ತಲೇ ಇಲ್ಲ.

ನಿಜವಾದ ಉತ್ತರವಿರುವುದು ವರ್ನರ್ ಹೈಸನ್‌ಬರ್ಗ್ 1927ರಲ್ಲಿ ಮಂಡಿಸಿದ ಅನಿಶ್ಚಿತತಾ ತತ್ತ್ವದಲ್ಲಿ: ಕಣದ ಸ್ಥಾನ ಮತ್ತು ಸಂವೇಗ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ) ಎರಡೂ ಒಟ್ಟಿಗೆ ಒಂದು ಮಿತಿಗಿಂತ ನಿಖರವಾಗಿರಲಾರವು. ದುರದೃಷ್ಟವಶಾತ್ ಈ ತತ್ತ್ವವನ್ನು ನಮ್ಮ ಉಪಕರಣಗಳ ಕೊರತೆಯೆಂಬಂತೆ, ಎಲೆಕ್ಟ್ರಾನನ್ನು ನೋಡಲು ಹೋದರೆ ಬೆಳಕು ಅದನ್ನು ತಳ್ಳಿಬಿಡುತ್ತದೆ ಎಂಬಂತೆ ಹೇಳಿಕೊಡುವುದೇ ಹೆಚ್ಚು. ಹೈಸನ್‌ಬರ್ಗ್ ತಮ್ಮ ಮೊದಲ ಪ್ರಬಂಧದಲ್ಲಿ ಅಂಥ ಒಂದು ಕಾಲ್ಪನಿಕ ಸೂಕ್ಷ್ಮದರ್ಶಕದ ಉದಾಹರಣೆಯನ್ನು ಕೊಟ್ಟಿದ್ದರಿಂದ ಆ ವಿವರಣೆ ಬೇರೂರಿತು. ಆದರೆ ಅದೇ ವರ್ಷ ಕೆನಾರ್ಡ್ ಎಂಬ ವಿಜ್ಞಾನಿ, ಯಾವ ಅಳತೆಯ ಮಾತನ್ನೂ ಎತ್ತದೆ, ಎಲೆಕ್ಟ್ರಾನಿನ ಅಲೆಯ ಗುಣವೊಂದರಿಂದಲೇ ಈ ಮಿತಿಯನ್ನು ಗಣಿತದ ಮೂಲಕ ಸಾಧಿಸಿದರು. ದೀರ್ಘವಾಗಿ ಮೀಟಿದ ತಂಬೂರಿಗೆ ನಿಖರವಾದ ಶ್ರುತಿಯಿದೆ, ಆದರೆ ಅದು ಯಾವ ಕ್ಷಣದಲ್ಲಿ ನುಡಿಯಿತೆಂದು ಹೇಳಲಾಗದು. ತಾಳದ ಚಪ್ಪಾಳೆಗೆ ನಿಖರವಾದ ಕ್ಷಣವಿದೆ, ಆದರೆ ಅದರ ಶ್ರುತಿ ಯಾವುದೆಂದು ಹೇಳಲಾಗದು. ಇದು ಕೇಳುವವರ ಕಿವಿಯ ದೋಷವಲ್ಲ, ಅಲೆಗಳ ಸ್ವಭಾವ. ಹಾಗೆಯೇ ಎಲೆಕ್ಟ್ರಾನಿನ ಅಲೆಯನ್ನು ಚಿಕ್ಕ ಜಾಗದಲ್ಲಿ ಹಿಡಿದಿಟ್ಟಷ್ಟೂ ಅದರಲ್ಲಿ ಬೆರೆತ ಸಂವೇಗಗಳ ಹರವು ಹೆಚ್ಚುತ್ತದೆ, ಸಂವೇಗ ಹೆಚ್ಚಿದಂತೆ ಚಲನ ಶಕ್ತಿಯೂ ಏರುತ್ತದೆ.

ಇನ್ನು ಶಕ್ತಿಯ ಲೆಕ್ಕವನ್ನು ನೋಡೋಣ. ಹೈಡ್ರೋಜನ್ ಪರಮಾಣುವಿನ ಸಹಜ ಅಳತೆಯಾದ 0.53 ಆಂಗ್‌ಸ್ಟ್ರಾಮ್‌ನಲ್ಲಿ, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನ ಅರ್ಧದಷ್ಟು ದೂರದಲ್ಲಿ, ಎಲೆಕ್ಟ್ರಾನಿನ ಚಲನ ಶಕ್ತಿ 13.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ), ಆಕರ್ಷಣೆಯಿಂದ ಬಂದ ಪ್ರಚ್ಛನ್ನ ಶಕ್ತಿ ಮೈನಸ್ 27.2, ಒಟ್ಟು ಮೈನಸ್ 13.6. ಈಗ ಈ ಅಳತೆಯನ್ನು ಅರ್ಧಕ್ಕೆ ಇಳಿಸೋಣ. ಪ್ರಚ್ಛನ್ನ ಶಕ್ತಿ ದೂರಕ್ಕೆ ವಿಲೋಮವಾದ್ದರಿಂದ ಅದು ಎರಡು ಪಟ್ಟಾಗಿ ಮೈನಸ್ 54.4 ಆಗುತ್ತದೆ, ಆದರೆ ಚಲನ ಶಕ್ತಿ ದೂರದ ವರ್ಗಕ್ಕೆ ವಿಲೋಮವಾದ್ದರಿಂದ ನಾಲ್ಕು ಪಟ್ಟಾಗಿ 54.4ಕ್ಕೆ ಏರುತ್ತದೆ, ಒಟ್ಟು ಸೊನ್ನೆ. ಒಳಗೆ ಸರಿದದ್ದರಿಂದ ಶಕ್ತಿ ಇಳಿಯುವ ಬದಲು ಹೆಚ್ಚಿತು. ಅಳತೆಯನ್ನು ಎರಡರಷ್ಟು ಮಾಡಿದರೆ ಒಟ್ಟು ಶಕ್ತಿ ಮೈನಸ್ 10.2, ಅದೂ ಹೆಚ್ಚೇ. ಹೀಗೆ ಎರಡೂ ಕಡೆ ಏರುವ ಶಕ್ತಿಯ ತಗ್ಗಿನಲ್ಲಿ ಎಲೆಕ್ಟ್ರಾನ್ ನೆಲೆಸಿದೆ. ಅದಕ್ಕಿಂತ ಕೆಳಗಿನ ಸ್ಥಿತಿಯೇ ಇಲ್ಲವಾದ್ದರಿಂದ ಹೊರಸೂಸಲು ಅದರ ಬಳಿ ಶಕ್ತಿ ಉಳಿದಿಲ್ಲ. ಇದು ಅಂದಾಜಿನ ಲೆಕ್ಕವೇ ಆದರೂ, ಎಲೆಕ್ಟ್ರಾನಿನ ಅಲೆಯನ್ನು ವರ್ಣಿಸುವ ಶ್ರೋಡಿಂಗರ್ ಸಮೀಕರಣವನ್ನು ಪೂರ್ಣವಾಗಿ ಬಿಡಿಸಿದಾಗಲೂ ದೊರೆಯುವುದು ಇದೇ ಮೈನಸ್ 13.6.

ಈ ವಿವರಣೆ ನಿಜವಾದರೆ ಕಣ ಭಾರವಾದಷ್ಟೂ ಪರಮಾಣು ಚಿಕ್ಕದಾಗಬೇಕು, ಏಕೆಂದರೆ ಅಷ್ಟೇ ಸಂವೇಗಕ್ಕೆ ಭಾರವಾದ ಕಣದ ಚಲನ ಶಕ್ತಿ ಕಡಿಮೆ. ಎಲೆಕ್ಟ್ರಾನಿನಂಥದೇ ಆದರೂ ಅದಕ್ಕಿಂತ ಸುಮಾರು 207 ಪಟ್ಟು ಭಾರವಾದ ಮ್ಯೂಆನ್ ಎಂಬ ಕಣ, ಹೈಡ್ರೋಜನ್ನಿನ ನ್ಯೂಕ್ಲಿಯಸ್ಸಾದ ಪ್ರೋಟಾನಿನ ಜೊತೆ ಸೇರಿ ಆಗುವ ಪರಮಾಣು, ಪ್ರೋಟಾನಿನ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಸುಮಾರು 186 ಪಟ್ಟು ಚಿಕ್ಕದು. ಮ್ಯೂಆನ್ ಅಷ್ಟು ಒಳಗಿರುವುದರಿಂದಲೇ ಪ್ರೋಟಾನಿನ ಗಾತ್ರ ಅದರ ಶಕ್ತಿಯ ಮಟ್ಟಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ನಡೆದ ಇಂಥ ಪ್ರಯೋಗವೊಂದು 2010ರಲ್ಲಿ ಪ್ರೋಟಾನಿನ ತ್ರಿಜ್ಯವನ್ನು ಸುಮಾರು 0.84 ಫೆಮ್ಟೋಮೀಟರ್ (ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು) ಎಂದು ಅಳೆಯಿತು.

ಕೋಟ್ಯಂತರ ಎಲೆಕ್ಟ್ರಾನುಗಳಿರುವ ವಸ್ತುವಿಗೆ ಅನಿಶ್ಚಿತತೆಯೊಂದೇ ಸಾಲದು, ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾರವೆಂಬ 1925ರ ಪೌಲಿ ನಿಯಮವೂ ಬೇಕು. ಇಂಧನ ತೀರಿದ ಶ್ವೇತಕುಬ್ಜ ನಕ್ಷತ್ರಗಳು ತಮ್ಮದೇ ಗುರುತ್ವದಡಿ ಕುಸಿಯದೆ ನಿಂತಿರುವುದು ಇವೆರಡರ ಬಲದಿಂದಲೇ. ಆದರೆ ನಕ್ಷತ್ರ ಭಾರವಾದಷ್ಟೂ ಎಲೆಕ್ಟ್ರಾನುಗಳು ಹೆಚ್ಚು ಒತ್ತೊತ್ತಾಗಿ, ಅವುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುತ್ತದೆ. ಆಗ ಅಳತೆ ಅರ್ಧವಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುವುದಿಲ್ಲ, ಎರಡೇ ಪಟ್ಟಾಗುತ್ತದೆ. ಗುರುತ್ವದ ಶಕ್ತಿಯೂ ಎರಡೇ ಪಟ್ಟು. ಪರಮಾಣುವನ್ನು ಕಾಪಾಡಿದ ಆ ವ್ಯತ್ಯಾಸ ಇಲ್ಲಿ ಅಳಿಸಿಹೋಗುತ್ತದೆ. 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹಿಡಿದ ಎಳೆ ಇದೇ. ಅವರು ಕಂಡುಕೊಂಡ ಮಿತಿ, ಇಂದಿನ ಲೆಕ್ಕದಲ್ಲಿ ಸೂರ್ಯನ ಸುಮಾರು 1.4 ಪಟ್ಟು ದ್ರವ್ಯರಾಶಿ. ಅದನ್ನು ಮೀರಿದ ಶ್ವೇತಕುಬ್ಜವನ್ನು ಎಲೆಕ್ಟ್ರಾನುಗಳು ತಡೆದು ನಿಲ್ಲಿಸಲಾರವು.